ಟ್ರಿನಿಡಾಡ್‌ನಲ್ಲಿ ಒಂದು ದಿನ: ಯಾವ ಕುಶಲಕರ್ಮಿಗಳ ಅಂಗಳ, ಯಾವ ಕಡಲತೀರ?

ಟ್ರಿನಿಡಾಡ್ ದ್ವೀಪದ ವಿಸ್ತೀರ್ಣ ಸುಮಾರು 4,800 ಚದರ ಕಿಲೋಮೀಟರ್. ಕೊಡಗು ಜಿಲ್ಲೆಗಿಂತ ತುಸುವೇ ದೊಡ್ಡದು. ನಕ್ಷೆಯನ್ನು ಹರಡಿಕೊಂಡು ಕೂತವರಿಗೆ ಬೆಳಿಗ್ಗೆ ಕುಂಬಾರರ ಕೇರಿ, ಮಧ್ಯಾಹ್ನ ವಾದ್ಯ ತಯಾರಿಸುವವರ ಕಾರ್ಖಾನೆ, ಸಂಜೆ ಕೆರಿಬಿಯನ್ ಕಡಲು, ಹೀಗೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಬಹುದು ಎನಿಸುವುದು ಸಹಜ. ಆದರೆ ಅದು ಆಗುವ ಮಾತಲ್ಲ. ಈ ದ್ವೀಪದ ನಾಲ್ಕು ದಿಕ್ಕಿಗೂ ನೀರಿದ್ದರೂ ಕೆರಿಬಿಯನ್ ಸಮುದ್ರ ತಾಗುವುದು ಉತ್ತರದ ಕರಾವಳಿಗೆ ಮಾತ್ರ. ಪೂರ್ವಕ್ಕೆ ಇರುವುದು ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಪಾರಿಯಾ ಕೊಲ್ಲಿ, ದಕ್ಷಿಣಕ್ಕೆ ವೆನಿಜುವೆಲಾದಿಂದ ಬೇರ್ಪಡಿಸುವ ಜಲಸಂಧಿ. ಜನವಸತಿ, ಕಬ್ಬಿನ ಹಳೆಯ ಬಯಲು, ಕಸುಬುದಾರರ ಮನೆಗಳು ಎಲ್ಲವೂ ಬಹುಪಾಲು ಉತ್ತರದ ಬೆಟ್ಟಸಾಲಿನ ಈಚೆ ಬದಿಗಿವೆ, ಕೆರಿಬಿಯನ್ ತೀರ ಆ ಬೆಟ್ಟಸಾಲಿನ ಆಚೆಗಿದೆ. ಸುಮಾರು 940 ಮೀಟರ್ ಎತ್ತರದವರೆಗೆ ಏರುವ ಈ ಸಾಲನ್ನು ದಾಟುವ ರಸ್ತೆಗಳು ಕೆಲವೇ ಕೆಲವು. ಹಾಗಾಗಿ ಕಸುಬನ್ನೂ ಕಡಲನ್ನೂ ಒಂದೇ ದಿನದಲ್ಲಿ ಕಾಣಬೇಕೆನ್ನುವವರು ಮೊದಲು ತೀರ್ಮಾನಿಸಬೇಕಾದದ್ದು ಬೆಟ್ಟವನ್ನು ಎಲ್ಲಿಂದ, ಯಾವ ಹೊತ್ತಿನಲ್ಲಿ ದಾಟುವುದು ಎಂಬುದನ್ನು.

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ತಂಗಿ ಒಂದು ದಿನದ ಮಟ್ಟಿಗೆ ಹೊರಡುವವರಿಗೆ ಯೋಗ್ಯವಾದ ಆಯ್ಕೆಗಳು ಮೂರು: ನಗರದಲ್ಲೇ ಸ್ಟೀಲ್‌ಪ್ಯಾನ್ (ಉಕ್ಕಿನ ಪೀಪಾಯಿಯಿಂದ ಮಾಡುವ ವಾದ್ಯ) ತಯಾರಕರನ್ನು ಕಂಡು ಮರಾಕಸ್ ಕೊಲ್ಲಿಗೆ ಹೋಗುವುದು, ಮಧ್ಯ ಟ್ರಿನಿಡಾಡಿನ ಚಗ್ವಾನಾಸ್ ಸುತ್ತಲಿನ ಕುಂಬಾರರ ಬಳಿಗೆ ಹೋಗಿ ನಂತರ ಕಡಲಿನ ಬಗ್ಗೆ ಯೋಚಿಸುವುದು, ಪೂರ್ವದ ಅರಿಮಾದಲ್ಲಿ ಮೂಲನಿವಾಸಿಗಳ ಹೆಣಿಗೆಯನ್ನೂ ಬೆಟ್ಟದ ಕೋಕೋ ತೋಟಗಳನ್ನೂ ನೋಡಿಕೊಂಡು ಬೆಟ್ಟ ಹತ್ತಿ ಇಳಿದು ಉತ್ತರ ತೀರದ ಬ್ಲಾಂಶಿಸೂಸ್ ಸೇರುವುದು. ಪ್ರವಾಸಿ ಕೈಪಿಡಿಗಳು ಇಂಥ ಹೋಲಿಕೆಯನ್ನು ಕಡಲತೀರದಿಂದ ಆರಂಭಿಸುತ್ತವೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಕಡಲು ಬೆಳಿಗ್ಗೆಯೂ ಇರುತ್ತದೆ, ಸಂಜೆಯೂ ಇರುತ್ತದೆ. ಕುಂಬಾರ ತಿಗರಿಯ ಮುಂದೆ ಕೂರುವ ಹೊತ್ತು, ಪ್ಯಾನ್ ಶ್ರುತಿ ಮಾಡುವವರು ಸುತ್ತಿಗೆ ಹಿಡಿಯುವ ಹೊತ್ತು ಮಾತ್ರ ನಮ್ಮ ಅನುಕೂಲಕ್ಕೆ ಬದಲಾಗುವುದಿಲ್ಲ. ಮೊದಲು ಕಸುಬನ್ನು ಆರಿಸಿ, ಅದರ ಹೊತ್ತನ್ನು ತಿಳಿದುಕೊಂಡು, ಉಳಿದ ಸಮಯಕ್ಕೆ ಒಗ್ಗುವ ತೀರವನ್ನು ಜೋಡಿಸುವುದೇ ಸರಿ.

ಟೊಬೇಗೊ ದ್ವೀಪದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಚಿತ್ರಗಳಲ್ಲಿ ಕಾಣುವಂಥ ತಿಳಿನೀಲಿ ನೀರು, ಬಿಳಿ ಮರಳು ಬೇಕೆನ್ನುವವರಿಗೆ ಅದೇ ಸರಿಯಾದ ಜಾಗ, ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ವಿಮಾನ ನಿಲ್ದಾಣದ ಕಾಯುವಿಕೆಯನ್ನು ಸೇರಿಸಿದರೆ ಕುಶಲಕರ್ಮಿಗಳ ಭೇಟಿಗೆ ಹೊತ್ತೇ ಉಳಿಯದು. ಅಲ್ಲಿಗೆ ಬೇರೆಯೇ ಎರಡು ದಿನ ಮೀಸಲಿಡುವುದು ಲೇಸು.

ಪೀಪಾಯಿಯ ಸಂಗೀತ ಮತ್ತು ಮರಾಕಸ್

ಸ್ಟೀಲ್‌ಪ್ಯಾನ್ ಹುಟ್ಟಿದ್ದು ಟ್ರಿನಿಡಾಡಿನಲ್ಲಿ, ಅದೂ ಪೋರ್ಟ್ ಆಫ್ ಸ್ಪೇನ್ ಮತ್ತು ಅದರ ಆಸುಪಾಸಿನ ಬಡ ಕೇರಿಗಳಲ್ಲಿ. 1880ರ ದಶಕದಲ್ಲಿ ಬ್ರಿಟಿಷ್ ಆಡಳಿತ ಆಫ್ರಿಕಾ ಮೂಲದವರ ಚರ್ಮವಾದ್ಯಗಳನ್ನು ಕಾರ್ನಿವಲ್ (ವೇಷ ತೊಟ್ಟು ಬೀದಿಯಲ್ಲಿ ಕುಣಿಯುವ ವಾರ್ಷಿಕ ಹಬ್ಬ) ಮೆರವಣಿಗೆಗಳಲ್ಲಿ ಬಾರಿಸದಂತೆ ನಿರ್ಬಂಧ ಹೇರಿದಾಗ ಜನ ಬೇರೆ ಬೇರೆ ಉದ್ದದ ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದ ಕೊನೆಯ ಹೊತ್ತಿಗೆ ಬಿಸ್ಕತ್ತಿನ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳಗಳೂ ಮೆರವಣಿಗೆ ಸೇರಿದವು, 1940ರ ದಶಕದಲ್ಲಿ ಎಣ್ಣೆಯ ಪೀಪಾಯಿ ಕೈಗೆ ಸಿಕ್ಕಿತು. ವಿನ್ಸ್‌ಟನ್ ‘ಸ್ಪ್ರೀ’ ಸೈಮನ್, ಎಲ್ಲಿ ಮ್ಯಾನೆಟ್, ಆಂಟನಿ ವಿಲಿಯಮ್ಸ್ ಮುಂತಾದವರು ಹುಡುಗರಾಗಿದ್ದಾಗಲೇ ಪೀಪಾಯಿಯ ತಳವನ್ನು ಬಡಿದು ಬಡಿದು ಅದರಿಂದ ಸ್ವರಗಳನ್ನು ಬೇರ್ಪಡಿಸುವ ಬಗೆಯನ್ನು ಕಂಡುಕೊಂಡರು. 1951ರಲ್ಲಿ ಈ ವಾದ್ಯಗಾರರ ತಂಡವೊಂದು ಲಂಡನ್ನಿನ ‘ಫೆಸ್ಟಿವಲ್ ಆಫ್ ಬ್ರಿಟನ್’ನಲ್ಲಿ ನುಡಿಸಿತು, 1992ರಲ್ಲಿ ಸ್ಟೀಲ್‌ಪ್ಯಾನ್ ರಾಷ್ಟ್ರೀಯ ವಾದ್ಯವೆಂದು ಘೋಷಿತವಾಯಿತು, ವಿಶ್ವಸಂಸ್ಥೆ 2023ರಲ್ಲಿ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಸಾರಿತು.

ಇತಿಹಾಸ ಓದಿದರೆ ತಿಳಿಯುತ್ತದೆ. ಕೆಲಸ ಮಾತ್ರ ಕಣ್ಣಿಂದಲೇ ನೋಡಬೇಕಾದದ್ದು. 55 ಗ್ಯಾಲನ್ನಿನ ಉಕ್ಕಿನ ಪೀಪಾಯಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಅದರ ಮಟ್ಟಸವಾದ ತಳವನ್ನು ಭಾರವಾದ ಸುತ್ತಿಗೆಯಿಂದ ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಬಡಿಯುತ್ತಾ ಬಾಣಲೆಯಂತೆ ಒಳಕ್ಕೆ ಇಳಿಸುತ್ತಾರೆ. ಎತ್ತರದ ಸ್ಥಾಯಿಯ ‘ಟೆನರ್’ ಪ್ಯಾನ್ ಆದರೆ ಈ ಕುಳಿ ಸುಮಾರು 20 ಸೆಂಟಿಮೀಟರ್ ಆಳಕ್ಕೆ ಹೋಗಬೇಕು, ತಗಡು ಎಲ್ಲಿಯೂ ಸೀಳಬಾರದು. ಆಮೇಲೆ ಸ್ವರಸ್ಥಾನಗಳನ್ನು ಗುರುತು ಹಾಕಿ, ಉಳಿಯಿಂದ ಅಂಚು ಕಟ್ಟಿ, ಪೀಪಾಯಿಯ ಮೈಯನ್ನು ಬೇಕಾದ ಉದ್ದಕ್ಕೆ ಕತ್ತರಿಸುತ್ತಾರೆ. ಟೆನರ್‌ಗೆ ಉಳಿಯುವುದು ಗೇಣಿಗಿಂತ ಕಡಿಮೆ, ಮಂದ್ರದ ಬಾಸ್‌ಗೆ ಪೀಪಾಯಿ ಇಡಿಯಾಗಿಯೇ ಬೇಕು. ಬೆಂಕಿಯಲ್ಲಿ ಕಾಯಿಸಿ ಹದಗೊಳಿಸಿದ ಬಳಿಕ ಬರುವುದು ಶ್ರುತಿಗಾರನ ಸರದಿ. ಸಣ್ಣ ಸುತ್ತಿಗೆಯಿಂದ ಒಮ್ಮೆ ಮೇಲಿನಿಂದ, ಒಮ್ಮೆ ಅಡಿಯಿಂದ ತಟ್ಟುತ್ತಾ, ರಬ್ಬರು ಸುತ್ತಿದ ಕೋಲಿನಿಂದ ಬಾರಿಸಿ ಕೇಳುತ್ತಾ, ಒಂದೊಂದು ಸ್ವರದ ಜೊತೆಗೆ ಅದರ ಮೇಲಿನ ಸ್ಥಾಯಿಯೂ ಕೂಡಿ ಮೊಳಗುವಂತೆ ಹೊಂದಿಸುವುದು ಅವರ ಕೆಲಸ. ಪಕ್ಕದ ಸ್ವರ ಸರಿಹೋದ ಗಳಿಗೆಯಲ್ಲೇ ಮೊದಲಿನದು ಹಾಳಾಗಿರುತ್ತದೆ, ಮತ್ತೆ ಅದಕ್ಕೆ ಮರಳಬೇಕು. ಕಿವಿ ಇದ್ದವರಿಗೆ ಈ ಅರ್ಧ ಗಂಟೆ ಬೇರಾವ ಪ್ರದರ್ಶನಕ್ಕೂ ಕಡಿಮೆಯಲ್ಲ. ಕಿವಿ ಸೂಕ್ಷ್ಮವಿರುವ ಚಿಕ್ಕ ಮಕ್ಕಳನ್ನು ಕುಳಿ ಬಡಿಯುವ ಹಂತಕ್ಕೆ ಕರೆದೊಯ್ಯದಿರುವುದೇ ಒಳ್ಳೆಯದು.

ಇಲ್ಲಿ ಬಹಳ ಜನ ಎಡವುವ ವಿಷಯವೊಂದಿದೆ. ಪ್ಯಾನ್ ತಯಾರಿಸುವ ಕಾರ್ಖಾನೆಯೇ ಬೇರೆ, ತಂಡಗಳು ಅಭ್ಯಾಸ ಮಾಡುವ ಪ್ಯಾನ್‌ಯಾರ್ಡ್ ಎಂಬ ಬಯಲು ಅಂಗಳವೇ ಬೇರೆ. ತಯಾರಕರು ಹಗಲಿನಲ್ಲಿ ಕೆಲಸ ಮಾಡುತ್ತಾರೆ. ಪ್ಯಾನ್‌ಯಾರ್ಡ್‌ಗೆ ಜೀವ ಬರುವುದು ಕತ್ತಲಾದ ಮೇಲೆ, ಅದರಲ್ಲೂ ಹೊಸ ವರ್ಷದಿಂದ ಕಾರ್ನಿವಲ್‌ವರೆಗಿನ ವಾರಗಳಲ್ಲಿ. 1963ರಿಂದ ನಡೆದುಬಂದಿರುವ ‘ಪನೋರಮಾ’ ಸ್ಪರ್ಧೆಗಾಗಿ ದೊಡ್ಡ ತಂಡಗಳಲ್ಲಿ ನೂರರಷ್ಟು ಮಂದಿ ಒಟ್ಟಿಗೆ ನುಡಿಸುವುದನ್ನು ಆಗ ಕೈಯಳತೆಯಲ್ಲಿ ನಿಂತು ಕೇಳಬಹುದು. ಉಳಿದ ಕಾಲದ ಹಗಲಿನಲ್ಲಿ ಹೋದರೆ ಸಿಗುವುದು ಬಟ್ಟೆ ಹೊದಿಸಿದ ವಾದ್ಯಗಳು, ಬೀಗ ಹಾಕಿದ ಗೇಟು. ಆದ್ದರಿಂದ ಜನವರಿ–ಫೆಬ್ರವರಿಯಲ್ಲಿ ಹೋಗುವವರು ಬೆಳಿಗ್ಗೆಯೇ ಮರಾಕಸ್‌ಗೆ ಹೋಗಿ ಸಂಜೆ ನಗರಕ್ಕೆ ಮರಳುವುದು ಲೇಸು. ಮಿಕ್ಕ ತಿಂಗಳುಗಳಲ್ಲಿ ಹಿಂದಿನ ದಿನವೇ ಕರೆಮಾಡಿ ಹೊತ್ತು ಗೊತ್ತುಮಾಡಿಕೊಂಡು ಬೆಳಿಗ್ಗೆ ತಯಾರಕರ ಬಳಿ, ಮಧ್ಯಾಹ್ನ ಕಡಲಿಗೆ ಎಂಬ ಕ್ರಮ ಸರಿ. ಕಾರ್ನಿವಲ್‌ಗೆ ವೇಷಭೂಷಣ ಕಟ್ಟುವ ‘ಮಾಸ್ ಕ್ಯಾಂಪ್’ಗಳಿಗೂ ಇದೇ ನಿಯಮ ಹೆಚ್ಚುಕಡಿಮೆ ಅನ್ವಯಿಸುತ್ತದೆ. ತಂತಿಯನ್ನು ಬಾಗಿಸಿ ಆಳೆತ್ತರದ ರೆಕ್ಕೆ, ಮುಖವಾಡಗಳ ಹಂದರ ಕಟ್ಟುವ ಹಳೆಯ ತಲೆಮಾರಿನ ಕುಶಲಿಗಳು ಈಗ ವಿರಳ. ಕಾರ್ನಿವಲ್ ಮುಗಿದ ಮಾರನೆಯ ವಾರ ಹೋದರೆ ಖಾಲಿ ಕೊಠಡಿ ಮಾತ್ರ.

ಈ ಆಯ್ಕೆಗೆ ಕನ್ನಡಿಗರ ಪಾಲಿಗೆ ಒಂದು ಸಣ್ಣ ಲಾಭವೂ ಸೇರಿದೆ. ನಗರದ ವುಡ್‌ಬ್ರೂಕ್ ಬಡಾವಣೆಯ ಅಂಚಿಗೇ ಕ್ವೀನ್ಸ್ ಪಾರ್ಕ್ ಓವಲ್ ಮೈದಾನವಿದೆ. 1976ರ ಏಪ್ರಿಲ್‌ನಲ್ಲಿ ಭಾರತ ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ 400ಕ್ಕೂ ಹೆಚ್ಚು ಓಟಗಳ ಗುರಿಯನ್ನು ಬೆನ್ನಟ್ಟಿ 4 ವಿಕೆಟ್‌ಗೆ 406 ಮಾಡಿ ಗೆದ್ದದ್ದು ಇಲ್ಲೇ, ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 112 ಹೊಡೆದದ್ದು ಅದೇ ಪಂದ್ಯದಲ್ಲಿ. ಎಲ್ಲಿ ಮ್ಯಾನೆಟ್ ಅವರ ಇನ್ವೇಡರ್ಸ್ ತಂಡ ಬೆಳೆದದ್ದು ಈ ಮೈದಾನದ ಎದುರಿನ ಅಂಗಳದಲ್ಲಿ. ಪ್ಯಾನ್‌ನ ಚರಿತ್ರೆಯನ್ನೂ ವಿಶ್ವನಾಥರ ಸ್ಕ್ವೇರ್ ಕಟ್‌ಗಳ ನೆನಪನ್ನೂ ಒಂದೇ ರಸ್ತೆಯಲ್ಲಿ ನಡೆದು ಮುಗಿಸಬಹುದು.

ನಗರದಿಂದ ಮರಾಕಸ್‌ಗೆ ಸಂಚಾರ ದಟ್ಟಣೆ ಇಲ್ಲದಿದ್ದರೆ ಮುಕ್ಕಾಲರಿಂದ ಒಂದು ಗಂಟೆಯ ದಾರಿ. ಬೆಟ್ಟದ ಮೈಗೆ ಅಂಟಿಕೊಂಡು ಸಾಗುವ ಈ ನಾರ್ತ್ ಕೋಸ್ಟ್ ರಸ್ತೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ನರು ಕಟ್ಟಿಕೊಟ್ಟರು. ಚಗ್ವಾರಾಮಸ್ ಪರ್ಯಾಯದ್ವೀಪವನ್ನು ನೌಕಾನೆಲೆಗಾಗಿ ಪಡೆದು ಅಲ್ಲಿನ ಕಡಲತೀರಗಳಿಗೆ ಜನ ಹೋಗದಂತಾದದ್ದಕ್ಕೆ ಅದು ಪರಿಹಾರವಾಗಿತ್ತು. ತಿರುವೊಂದರಲ್ಲಿರುವ ವೀಕ್ಷಣಾ ಕಟ್ಟೆಯ ಬಳಿ ಗಾಡಿ ನಿಲ್ಲಿಸಿ, ಮಾವಿನಕಾಯಿ ಅಥವಾ ಅನಾನಸ್ ಹೋಳಿಗೆ ಉಪ್ಪು, ಖಾರದ ಮೆಣಸು, ಕೊತ್ತಂಬರಿಯ ಪರಿಮಳದ ಶಾಡೋ ಬೆನಿ ಸೊಪ್ಪು ಬೆರೆಸಿದ ‘ಚೌ’ ತಿನ್ನದೆ ಮುಂದೆ ಹೋಗುವವರು ಕಡಿಮೆ. ನಮ್ಮ ನಾಲಗೆಗೆ ಅದು ಮೊದಲ ತುತ್ತಿಗೇ ಒಗ್ಗುತ್ತದೆ.

ಕುಂಬಾರರ ಕೇರಿ, ಆದರೆ ಕಡಲೆಲ್ಲಿ?

ಭಾರತದಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಫತೆಲ್ ರಜಾಕ್ ಟ್ರಿನಿಡಾಡ್ ತಲುಪಿದ್ದು 1845ರ ಮೇ 30ರಂದು. 1917ರಲ್ಲಿ ಆ ಪದ್ಧತಿ ನಿಲ್ಲುವ ವೇಳೆಗೆ ಸುಮಾರು 1.4 ಲಕ್ಷ ಮಂದಿ ಬಂದಿದ್ದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ–ಬಿಹಾರದ ಭೋಜಪುರಿ ಸೀಮೆಯವರು, ಸ್ವಲ್ಪ ಮಂದಿ ಮದರಾಸು ಬಂದರಿನಿಂದ ಹತ್ತಿದವರು. ಅವರೊಂದಿಗೆ ಬಂದ ಕುಂಬಾರಿಕೆ ಚಗ್ವಾನಾಸ್ ಪಟ್ಟಣದ ದಕ್ಷಿಣಕ್ಕಿರುವ ಚೇಸ್ ವಿಲೇಜ್, ಎಡಿನ್‌ಬರ್ಗ್ ಕಡೆಯ ಕೆಲವು ಮನೆತನಗಳಲ್ಲಿ ಉಳಿದಿದೆ. ರಸ್ತೆ ಬದಿಯ ಅಂಗಡಿಗಳ ಹಿಂದೆಯೇ ಕೆಲಸದ ಕೊಟ್ಟಿಗೆ ಇರುವುದರಿಂದ ಮುಂಚಿತವಾಗಿ ತಿಳಿಸದೆ ಹೋದರೂ ಏನಾದರೊಂದು ಕಾಣಸಿಗುತ್ತದೆ. ಮೂರು ಆಯ್ಕೆಗಳಲ್ಲಿ ಈ ಸಲೀಸು ಇದಕ್ಕೆ ಮಾತ್ರ.

ಹಣತೆ ಮಾಡುವುದನ್ನು ನೋಡಬೇಕೆಂದರೆ ದೀಪಾವಳಿಗೆ ಮುಂಚಿನ ವಾರಗಳೇ ಸರಿ. ತಿಗರಿಯ ಮೇಲೆ ದೊಡ್ಡ ಮುದ್ದೆ ಮಣ್ಣನ್ನು ಕೂರಿಸಿ, ಅದರ ತುದಿಯಲ್ಲಷ್ಟೇ ಹೆಬ್ಬೆರಳನ್ನು ಒತ್ತಿ ಬಟ್ಟಲು ತೆರೆದು, ಅಂಚನ್ನು ಚಿವುಟಿ, ದಾರದಿಂದ ಕೊಯ್ದು ಹಲಗೆಯ ಮೇಲೆ ಇಟ್ಟು, ಮತ್ತೆ ಅದೇ ಮುದ್ದೆಯ ತುದಿಗೆ ಕೈ ಹಾಕುವುದು ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಮಳೆಗಾಲದ ತೇವದಲ್ಲಿ ಹಲಗೆ ಹಲಗೆ ಹಣತೆಗಳು ಒಣಗಲು ಕಾಯುತ್ತವೆ, ಒಣಗಿದ್ದು ಕಟ್ಟಿಗೆಯ ಆವಿಗೆಗೆ ಹೋಗುತ್ತದೆ. ದೀಪಾವಳಿ ಅಲ್ಲಿ ಸಾರ್ವಜನಿಕ ರಜೆಯ ರಾಷ್ಟ್ರೀಯ ಹಬ್ಬ. ಹಿಂದೂಗಳಲ್ಲದ ಮನೆಗಳ ಮುಂದೆಯೂ ಹಣತೆ ಉರಿಯುತ್ತದೆ. ಹಬ್ಬ ಕಳೆದ ಮೇಲೆ ಹೂಕುಂಡ, ಅಲಂಕಾರದ ಹೂಜಿ, ಗಾಳಿಗೆ ಕಿಣಿಗುಟ್ಟುವ ಗಂಟೆಗಳ ಕೆಲಸವೇ ಹೆಚ್ಚು. ಅದನ್ನು ನೋಡಲು ಅಷ್ಟು ದೂರ ಹೋಗಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಕೇಳಿ ನೋಡಬೇಕಾದ ಇನ್ನೊಂದು ವಸ್ತುವಿದೆ. ಮದುವೆಗಳಲ್ಲಿ, ಮೊಹರಂನ ‘ಹೊಸೇ’ ಮೆರವಣಿಗೆಯಲ್ಲಿ ಬಾರಿಸುವ ತಾಸೆಯ ಹಳೆಯ ಮಾದರಿಯ ಒಡಲು ಮಣ್ಣಿನದು. ಕುಂಬಾರರು ಸುಟ್ಟ ಬಟ್ಟಲಿಗೆ ಮೇಕೆಯ ಚರ್ಮ ಬಿಗಿದು, ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಿ ನಾದ ಏರಿಸುತ್ತಾರೆ. ಈಗ ಲೋಹದ ಒಡಲಿನ, ಬೋಲ್ಟು ತಿರುಗಿಸಿ ಬಿಗಿ ಮಾಡುವ ತಾಸೆಗಳು ಬಂದಿರುವುದರಿಂದ ಮಣ್ಣಿನವು ಕಡಿಮೆಯಾಗುತ್ತಿವೆ. ನಮ್ಮ ಉತ್ತರ ಕರ್ನಾಟಕದ ಮೊಹರಂ ಕುಣಿತಗಳನ್ನು ನೋಡಿ ಬೆಳೆದವರಿಗೆ ಇದರ ಬಡಿತ ಅಪರಿಚಿತವೆನಿಸದು.

ಇದೇ ದಾರಿಯಲ್ಲಿ ಕಾರಾಪಿಚೈಮಾ ಸಿಗುತ್ತದೆ. ಅಲ್ಲಿನ ದತ್ತಾತ್ರೇಯ ದೇವಾಲಯದ ಆವರಣದ 85 ಅಡಿ ಎತ್ತರದ ಹನುಮಂತನ ಮೂರ್ತಿ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪ್ರೇರಣೆಯಿಂದ 2003ರಲ್ಲಿ ಸ್ಥಾಪಿತವಾದದ್ದು. ದೇವಾಲಯದ ಕಟ್ಟಡವೂ ದಕ್ಷಿಣ ಭಾರತದ ಶೈಲಿಯದು. ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂ ದಡದಲ್ಲಿ ‘ಕಡಲ ಗುಡಿ’ ಇದೆ. ಸಿವದಾಸ್ ಸಾಧು ಎಂಬ ಕೂಲಿಕಾರರು ಸಕ್ಕರೆ ಕಂಪನಿಯ ಜಮೀನಿನಲ್ಲಿ ಕಟ್ಟಿದ ಗುಡಿಯನ್ನು ಅಧಿಕಾರಿಗಳು ಕೆಡವಿಸಿ ಅವರನ್ನು ಜೈಲಿಗೆ ಹಾಕಿದರು. ನೆಲ ಕಂಪನಿಯದಾದರೂ ಕಡಲು ಯಾರದೂ ಅಲ್ಲವೆಂದು ಅವರು ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೊತ್ತು ನೀರಿನೊಳಗೇ ದಿಬ್ಬ ಎಬ್ಬಿಸಿ ಸುಮಾರು 25 ವರ್ಷ ದುಡಿದು ಗುಡಿ ಕಟ್ಟಿದರು. ಈಗ ಕಾಣುವ ಕಟ್ಟಡ 1995ರಲ್ಲಿ, ಭಾರತೀಯರ ಆಗಮನದ 150ನೆಯ ವರ್ಷದಲ್ಲಿ ಮರುನಿರ್ಮಾಣವಾದದ್ದು.

ಇಷ್ಟೆಲ್ಲ ಸಿರಿ ಇರುವ ಈ ಆಯ್ಕೆಯ ಕೊರತೆಯನ್ನು ಪ್ರವಾಸ ಏರ್ಪಡಿಸುವವರು ನೇರವಾಗಿ ಹೇಳುವುದಿಲ್ಲ. ವಾಟರ್‌ಲೂ ದಡದ ನೀರು ಪಾರಿಯಾ ಕೊಲ್ಲಿಯದು. ಇಳಿತದ ಹೊತ್ತಿಗೆ ಅಲ್ಲಿ ಕೆಸರು ಬಯಲು ಮಾತ್ರ. ಈಜುವ ಜಾಗವಂತೂ ಅಲ್ಲ, ಪಕ್ಕದಲ್ಲೇ ಹಿಂದೂ ಶವಸಂಸ್ಕಾರದ ಘಟ್ಟವಿದೆ. ಕೆರಿಬಿಯನ್ ಕಡಲೇ ಬೇಕೆಂದರೆ ಮತ್ತೆ ಉತ್ತರಕ್ಕೆ ಬಂದು, ರಾಜಧಾನಿಯನ್ನು ಹಾದು, ಬೆಟ್ಟ ದಾಟಿ ಮರಾಕಸ್‌ಗೆ ಹೋಗಬೇಕು. ಎರಡು ಗಂಟೆ ಹಿಡಿಯುತ್ತದೆ ಎಂದೇ ಲೆಕ್ಕವಿಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಬೆಳಿಗ್ಗೆ ನಗರದ ಕಡೆಗೂ ಸಂಜೆ ನಗರದಿಂದ ಹೊರಕ್ಕೂ ವಾಹನಗಳ ಸಾಲು ಇರುವುದರಿಂದ, ಬೆಳಿಗ್ಗೆ ದಕ್ಷಿಣಕ್ಕೆ ಹೋಗಿ ಮಧ್ಯಾಹ್ನಕ್ಕೆ ಮರಳುವ ನಮ್ಮ ದಾರಿ ಸಾಲಿಗೆ ಎದುರಾಗಿ ಸಾಗುತ್ತದೆ, ಅದೊಂದು ಅನುಕೂಲ. ಆದರೂ ಈ ದಿನಕ್ಕೆ ಕಡಲನ್ನು ತುರುಕುವ ಬದಲು ಕರೋನಿ ಜವುಗಿನ ದೋಣಿ ಹತ್ತುವುದನ್ನೇ ನಾನು ಶಿಫಾರಸು ಮಾಡುತ್ತೇನೆ. ಸಂಜೆ 4 ಗಂಟೆಯ ಸುಮಾರಿಗೆ ಹೊರಡುವ ದೋಣಿಗಳು ಕಾಂಡ್ಲಾ ಕಾಡಿನ ನಡುವೆ ಸಾಗಿ, ಕೆಂಪನೆಯ ಐಬಿಸ್ ಹಕ್ಕಿಗಳು ಗೂಡು ಸೇರುವ ಜಾಗದ ಎದುರು ನಿಲ್ಲುತ್ತವೆ. ಅದು ಚಗ್ವಾನಾಸ್‌ನಿಂದ ನಗರಕ್ಕೆ ಬರುವ ಹೆದ್ದಾರಿಯ ಬದಿಯಲ್ಲೇ ಇದೆ.

ಅರಿಮಾ, ಕೋಕೋ, ಬ್ಲಾಂಶಿಸೂಸ್

ಮೂರನೆಯ ಆಯ್ಕೆಯಲ್ಲಿ ದಾರಿಯೇ ದಿನದ ಮುಖ್ಯ ಭಾಗ. ನಗರದಿಂದ ಪೂರ್ವಕ್ಕೆ ಅರಿಮಾ, ಅಲ್ಲಿಂದ ಉತ್ತರಕ್ಕೆ ಮಳೆಕಾಡಿನ ನಡುವೆ ಏರಿ ಇಳಿಯುವ ಕಿರಿದಾದ ರಸ್ತೆಯಲ್ಲಿ ಬ್ಲಾಂಶಿಸೂಸ್, ಬಳಿಕ ಕರಾವಳಿಯ ಗುಂಟ ಲಾಸ್ ಕ್ವೇವಾಸ್, ಮರಾಕಸ್ ಹಾದು ಮತ್ತೆ ನಗರ: ಒಂದು ಪೂರ್ತಿ ಸುತ್ತು. ಬೆಳಿಗ್ಗೆ 7ಕ್ಕೆ ಹೊರಡದಿದ್ದರೆ ಬೆಳಕಿರುವಾಗ ಮರಳುವುದು ಕಷ್ಟ.

ಅರಿಮಾದ ಸಾಂಟಾ ರೋಸಾ ಮೂಲನಿವಾಸಿ ಸಮುದಾಯದವರ ಕೈಯಲ್ಲಿ ಉಳಿದಿರುವ ಹೆಣಿಗೆಯಲ್ಲಿ ನೋಡತಕ್ಕದ್ದು ಮರಗೆಣಸಿನ ಸಾಧನಗಳು. ಕಹಿ ಮರಗೆಣಸಿನ ರಸದಲ್ಲಿ ಸಯನೈಡ್ ಅಂಶವಿರುವುದರಿಂದ ಅದನ್ನು ಹಿಂಡಿ ತೆಗೆಯದೆ ತಿನ್ನುವಂತಿಲ್ಲ. ತಿರೀತೆ ಎಂಬ ಗಿಡದ ಸೀಳುಗಳಿಂದ ಓರೆಯಾಗಿ ಹೆಣೆದ ಉದ್ದನೆಯ ಕೊಳವೆಯೊಳಗೆ ತುರಿದ ಗೆಣಸನ್ನು ತುಂಬಿ, ಮೇಲಿನ ತುದಿಯನ್ನು ತೂಗುಹಾಕಿ ಕೆಳಗಿನ ತುದಿಯನ್ನು ಎಳೆದರೆ, ಹೆಣಿಗೆ ಉದ್ದವಾಗುತ್ತಾ ಸಣ್ಣಗಾಗಿ ರಸವೆಲ್ಲ ಜಿನುಗಿ ಹೋಗುತ್ತದೆ. ಗಾಣವಿಲ್ಲ, ತಿರುಪು ಇಲ್ಲ, ಬರಿಯ ಹೆಣಿಗೆಯ ಕೋನದ ಬಲ. ಉಳಿದ ಹಿಟ್ಟನ್ನು ಜರಡಿ ಹಿಡಿದು ಕಾವಲಿಯ ಮೇಲೆ ರೊಟ್ಟಿ ತಟ್ಟುತ್ತಾರೆ. ಇದು ದಿನವೂ ತೆರೆದಿರುವ ಅಂಗಡಿಯಲ್ಲ. ಸಮುದಾಯ ಕೇಂದ್ರದವರನ್ನು ಮೊದಲೇ ಕೇಳಿಕೊಳ್ಳದೆ ಹೋದರೆ ಮುಚ್ಚಿದ ಬಾಗಿಲು ಕಂಡೀತು. ಆಗಸ್ಟ್ ಕೊನೆಯ ಸಾಂಟಾ ರೋಸಾ ಹಬ್ಬದ ಆಸುಪಾಸು ಭೇಟಿಗೆ ಒಳ್ಳೆಯ ಸಮಯ.

ಬೆಟ್ಟದ ಕೋಕೋವನ್ನು ಕಸುಬೆನ್ನಬಹುದೇ ಎಂದು ಅನುಮಾನಿಸುವವರು ಲೋಪಿನೋ ಅಥವಾ ಬ್ರಾಸೋ ಸೆಕೋ ಹಳ್ಳಿಗೆ ಒಮ್ಮೆ ಹೋಗಬೇಕು. 1727ರ ಸುಮಾರಿಗೆ ದ್ವೀಪದ ಹಳೆಯ ಕೋಕೋ ತೋಟಗಳು ನಾಶವಾದ ನಂತರ ಹೊರಗಿನಿಂದ ತಂದ ತಳಿಯೊಂದಿಗೆ ಉಳಿದ ಗಿಡಗಳು ಬೆರೆತು ಹುಟ್ಟಿದ್ದೇ ‘ಟ್ರಿನಿಟಾರಿಯೋ’, ಇಂದು ಜಗತ್ತಿನ ಉತ್ತಮ ಚಾಕೊಲೇಟಿಗೆ ಬೇಕಾದ ತಳಿ. ಬೀಜ ಒಣಗಿಸುವ ಮನೆಗಳಿಗೆ ಹಳಿಯ ಮೇಲೆ ಸರಿಯುವ ಛಾವಣಿ ಇರುತ್ತದೆ. ಮಳೆ ಹನಿದರೆ ತಳ್ಳಿ ಮುಚ್ಚುವುದು, ಬಿಸಿಲು ಬಂದರೆ ತೆರೆಯುವುದು. ಬೀಜಗಳನ್ನು ಬರಿಗಾಲಿನಲ್ಲಿ ತುಳಿದು ಹೊಳಪು ಬರಿಸುವ ಹಳೆಯ ಪದ್ಧತಿಯನ್ನು ಈಗ ಹೆಚ್ಚಾಗಿ ಅತಿಥಿಗಳಿಗೆ ತೋರಿಸಲೆಂದೇ ಮಾಡುತ್ತಾರೆ. ಕೊಡಗು–ಮಲೆನಾಡಿನ ಕಾಫಿ ಕಣ ಕಂಡವರು ಇಲ್ಲಿ ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ, ಬೆಳೆಗಾರರೂ ಅವರೊಂದಿಗೆ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಎರಡೂ ಭೇಟಿಗಳನ್ನು ಒಂದೇ ದಿನದಲ್ಲಿ ಇಟ್ಟುಕೊಂಡರೆ ಕಡಲಿಗೆ ಒಂದು ಗಂಟೆಯೂ ಸಿಗುವುದಿಲ್ಲ. ಹೆಣಿಗೆ ಅಥವಾ ಕೋಕೋ, ಯಾವುದಾದರೂ ಒಂದು. ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸುವವರಿಗೆ, ಮಂಡಿನೋವಿನ ಹಿರಿಯರಿಗೆ ಈ ಸುತ್ತು ಬೇಡವೇ ಬೇಡ. ಜೂನ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು.

ತೀರಗಳ ಗುಣದೋಷ

ಮರಾಕಸ್ ಬಹಳ ಹೆಸರುವಾಸಿ: ಅರ್ಧಚಂದ್ರದಂತೆ ಬಾಗಿದ ಕೊಲ್ಲಿ, ಹಿಂದೆ ಹಸಿರು ಬೆಟ್ಟ, ತೆಂಗಿನ ಸಾಲು, ಬಟ್ಟೆ ಬದಲಿಸುವ ಕೊಠಡಿ, ಜೀವರಕ್ಷಕರು. ಅಲೆ ಮತ್ತು ಒಳಸೆಳೆತ ಎರಡೂ ಜೋರು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇನ್ನೂ ಜೋರು. ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಬರಿಯ ಕೆಂಪು ಬಾವುಟವಿದ್ದರೆ ದಡದಲ್ಲೇ ಕೂರಬೇಕು. ಭಾನುವಾರ ಮತ್ತು ರಜಾದಿನಗಳಲ್ಲಿ ಅರ್ಧ ನಗರವೇ ಅಲ್ಲಿರುತ್ತದೆ. ಅಲ್ಲಿಂದ ಸ್ವಲ್ಪ ಮುಂದಿನ ಲಾಸ್ ಕ್ವೇವಾಸ್‌ನಲ್ಲಿ ಅಲೆ ಮೆದು, ಜನ ಕಡಿಮೆ, ಮಕ್ಕಳಿಗೆ ಅದೇ ವಾಸಿ; ಸಂಜೆಯಾಗುತ್ತಲೇ ಕಚ್ಚುವ ಮರಳುನೊಣಗಳ ಕಾಟವೊಂದಿದೆ, 4 ಗಂಟೆಗೆಲ್ಲ ಎದ್ದುಬಿಡುವುದು ಕ್ಷೇಮ. ಬ್ಲಾಂಶಿಸೂಸ್ ನೋಡಲು ಮೂರರಲ್ಲೂ ಚೆಲುವಾದದ್ದು, ಈಜಲು ಮೂರರಲ್ಲೂ ಕೆಟ್ಟದ್ದು. ಅಲ್ಲಿನ ಮೇರಿಯನ್ ನದಿ ಕಡಲು ಸೇರುವ ಜಾಗದ ನಿಂತ ನೀರಿನಲ್ಲಿ ಕಾಲಾಡಿಸುವುದೇ ನೆಮ್ಮದಿ. ನೀರಿನ ಬಣ್ಣದ ಬಗ್ಗೆ ಅತಿಯಾದ ನಿರೀಕ್ಷೆ ಬೇಡ. ವೆನಿಜುವೆಲಾದ ಒರಿನೋಕೋ ನದಿಯ ನೀರು ಬಂದು ಬೆರೆಯುವುದರಿಂದ, ಮಳೆಗಾಲದಲ್ಲಂತೂ, ಟ್ರಿನಿಡಾಡಿನ ಕಡಲು ನೀಲಿಗಿಂತ ಹಸಿರೇ ಹೆಚ್ಚು.

ಊಟ, ವಾಹನ, ಎಚ್ಚರಿಕೆ

ಮರಾಕಸ್‌ನ ಖ್ಯಾತಿಯ ಅರ್ಧ ಪಾಲು ‘ಬೇಕ್ ಅಂಡ್ ಶಾರ್ಕ್’ನದು: ಕರಿದ ರೊಟ್ಟಿಯೊಳಗೆ ಕರಿದ ಶಾರ್ಕ್ ಮೀನು, ಮೇಲೆ ಹುಣಸೆ, ಬೆಳ್ಳುಳ್ಳಿ, ಶಾಡೋ ಬೆನಿಯ ಚಟ್ನಿಗಳು. ಸಸ್ಯಾಹಾರಿಗಳಿಗೆ ರೊಟ್ಟಿಯೊಳಗೆ ಚೀಸ್, ತರಕಾರಿ ಹಾಕಿ ಕೊಡುತ್ತಾರಾದರೂ ಎಣ್ಣೆ ಒಂದೇ ಬಾಣಲೆಯದು ಎಂಬುದನ್ನು ಮಡಿವಂತರು ತಿಳಿದಿರಬೇಕು. ಚಗ್ವಾನಾಸ್ ಕಡೆ ಈ ತಾಪತ್ರಯವಿಲ್ಲ. ಎರಡು ಮೆತ್ತನೆಯ ಬಾರಾಗಳ (ಕರಿದ ಸಣ್ಣ ರೊಟ್ಟಿ) ನಡುವೆ ಕಡಲೆಯ ಪಲ್ಯ ಸುರಿದು ಕೊಡುವ ಡಬಲ್ಸ್, ಸುಟ್ಟ ಬದನೆಯ ಚೋಖಾದ ಜೊತೆ ಸಾದಾ ರೊಟ್ಟಿ, ಬೇಳೆ ತುಂಬಿದ ದಾಲ್‌ಪುರಿ ಎಲ್ಲವೂ ಸಿಗುತ್ತವೆ. ಖಾರ ಎಷ್ಟೆಂದು ಕೇಳಿದಾಗ ‘ಸ್ಲೈಟ್’ ಎನ್ನಿ. ಅಲ್ಲಿನ ಮೆಣಸಿನಕಾಯಿ ಬ್ಯಾಡಗಿಯ ನಂಟಲ್ಲ.

ಬಣ್ಣದ ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿಗಳು ಅಗ್ಗ. ಚಗ್ವಾನಾಸ್‌ಗೆ ಹಸಿರು ಪಟ್ಟಿಯವು, ಅರಿಮಾಕ್ಕೆ ಕೆಂಪು ಪಟ್ಟಿಯವು ಸಲೀಸಾಗಿ ಸಿಗುತ್ತವೆ. ಉತ್ತರ ಕರಾವಳಿಗೆ ಮಾತ್ರ ಅವುಗಳನ್ನು ನಂಬಿ ಹೋಗಬಾರದು, ಮರಳುವ ಗಾಡಿಗೆ ಗಂಟೆಗಟ್ಟಲೆ ಕಾಯಬೇಕಾದೀತು. ಕಸುಬು ಮತ್ತು ಕಡಲು ಎರಡನ್ನೂ ಜೋಡಿಸುವ ದಿನಕ್ಕೆ ಚಾಲಕನ ಸಮೇತ ಗಾಡಿ ಗೊತ್ತುಮಾಡುವುದೇ ಸರಿ. ನಾಲ್ವರು ಹಂಚಿಕೊಂಡರೆ ಭಾರವೆನಿಸದು. ಅಪರಾಧಗಳ ಹೆಚ್ಚಳದಿಂದಾಗಿ ಸರ್ಕಾರ 2024ರ ಡಿಸೆಂಬರ್ ಕೊನೆಯಲ್ಲೂ ಮತ್ತೆ 2025ರ ಜುಲೈನಲ್ಲೂ ತುರ್ತುಸ್ಥಿತಿ ಘೋಷಿಸಿತ್ತು. ಹೊರಡುವ ಮುನ್ನ ಆಯಾ ಕಾಲದ ಸರ್ಕಾರಿ ಸಲಹೆಗಳನ್ನು ನೋಡಿಕೊಳ್ಳಿ, ಜನವಿಲ್ಲದ ತೀರಗಳಲ್ಲಿ ಒಬ್ಬರೇ ಇರಬೇಡಿ, ಕತ್ತಲಾಗುವ ಮುನ್ನ ಬೆಟ್ಟದ ರಸ್ತೆ ಇಳಿದುಬಿಡಿ, ರಾತ್ರಿಯ ಪ್ಯಾನ್‌ಯಾರ್ಡ್‌ಗೆ ಪರಿಚಿತ ಚಾಲಕರ ಜೊತೆ ಮಾತ್ರ ಹೋಗಿ. ಸೈನಿಕರ ಸಮವಸ್ತ್ರದಂಥ ಮಚ್ಚೆಮಚ್ಚೆಯ (ಕ್ಯಾಮಫ್ಲಾಜ್) ಬಟ್ಟೆ ತೊಡುವುದು ಅಲ್ಲಿ ಕಾನೂನುಬಾಹಿರ. ಮಕ್ಕಳ ಚಡ್ಡಿಯಲ್ಲೂ ಆ ವಿನ್ಯಾಸ ಬೇಡ.

ಯಾರಿಗೆ ಯಾವುದು?

ಒಂದೇ ದಿನವಿದ್ದು ಮತ್ತೆ ಬರುವ ಸಾಧ್ಯತೆ ಇಲ್ಲದವರಿಗೆ ನನ್ನ ಸಲಹೆ ಪ್ಯಾನ್ ಮತ್ತು ಮರಾಕಸ್. ಹಣತೆ ಮಾಡುವುದನ್ನು ನಮ್ಮೂರಿನ ಕುಂಬಾರಗೇರಿಯಲ್ಲೂ ನೋಡಬಹುದು, ಪೀಪಾಯಿ ಸ್ವರವಾಗುವುದನ್ನು ಅದು ಹುಟ್ಟಿದ ಊರಿನಲ್ಲಿ ನೋಡುವ ಅವಕಾಶ ಬೇರೆಲ್ಲೂ ಇಲ್ಲ; ದಾರಿಯೂ ಮೂರರಲ್ಲಿ ಇದೇ ಗಿಡ್ಡ. ಹಿರಿಯರ ಜೊತೆ ಹೋಗುವವರು, ಸಸ್ಯಾಹಾರವನ್ನು ಬಿಡದವರು, ದೀಪಾವಳಿಯ ಹೊತ್ತಿಗೆ ಅಲ್ಲಿರುವವರು ಚಗ್ವಾನಾಸ್ ಆರಿಸಿಕೊಂಡು ಕಡಲಿನ ಬದಲು ಜವುಗಿನ ಹಕ್ಕಿಗಳಿಗೆ ಒಪ್ಪಿಕೊಳ್ಳುವುದು ಜಾಣತನ. ಅರಿಮಾದ ಸುತ್ತು ಎರಡನೆಯ ಬಾರಿ ಹೋಗುವವರದು, ತೋಟ–ಕಾಡುಗಳ ಗೀಳಿರುವವರದು.

ಕೊಳ್ಳುವ ವಿಷಯದಲ್ಲಿ ಲೆಕ್ಕ ಬೇರೆಯೇ ಆಗುತ್ತದೆ. ಅಂಗೈಯಗಲದ ಅಲಂಕಾರದ ಪ್ಯಾನ್‌ಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ, ಅವು ನೋಡಲು ಮಾತ್ರ. ನುಡಿಸಬಲ್ಲ ಟೆನರ್ ಬೇಕಾದರೆ ತಯಾರಕರಿಗೇ ಮುಂಗಡ ಕೊಟ್ಟು ಗಟ್ಟಿ ಪೆಟ್ಟಿಗೆಯ ಸಮೇತ ಪಡೆಯಬೇಕು. ವಿಮಾನದಲ್ಲಿ ಒಂದು ಏಟು ಬಿದ್ದರೂ ಶ್ರುತಿ ಕೆಡುತ್ತದೆ, ಅದನ್ನು ಸರಿಪಡಿಸುವವರು ಬೆಂಗಳೂರಿನಲ್ಲಿ ಸುಲಭವಾಗಿ ಸಿಗಲಾರರು. ಮಣ್ಣಿನ ಸಾಮಾನಿನಲ್ಲಿ ಹಣತೆಗಳೇ ಸಾಗಿಸಲು ಸಲೀಸು, ಬಟ್ಟೆಯ ಮಡಿಕೆಗಳ ನಡುವೆ ಕೂರುತ್ತವೆ. ಹೆಣೆದ ವಸ್ತುಗಳು ಮತ್ತು ಹುರಿಯದ ಕೋಕೋ ಬೀಜಗಳನ್ನು ಸಸ್ಯಜನ್ಯವೆಂದು ವಿಮಾನ ನಿಲ್ದಾಣದಲ್ಲಿ ತಡೆಯುವ ಸಂಭವವಿರುವುದರಿಂದ, ಅಮೆರಿಕದ ಮೂಲಕ ಮರಳುವವರು ಅಲ್ಲಿ ಘೋಷಿಸಿಯೇ ಮುಂದೆ ಹೋಗಬೇಕು. ತಯಾರಾದ ಚಾಕೊಲೇಟಿಗೆ ಈ ತೊಡಕಿಲ್ಲ. ಅಲ್ಲಿನ ಹಣವಾದ ಟಿಟಿ (ಟ್ರಿನಿಡಾಡ್–ಟೊಬೇಗೊ) ಡಾಲರನ್ನು ದೇಶದ ಹೊರಗೆ ವಿನಿಮಯ ಮಾಡಿಸುವುದು ಕಷ್ಟ, ಆದ್ದರಿಂದ ಉಳಿದ ನೋಟುಗಳನ್ನು ಆ ಸಂಜೆಯೇ ಖರ್ಚು ಮಾಡಿಬಿಡಿ.